ಬಾಣಂತಿಯರ ಕಲ್ಲು

ಹೆಗಲು ನೋವು ಎಂದು ಸುಳ್ಳು ಹೇಳಿ ಸೆತಿಯನ್ನು ವಾಪಸು ಕಳಿಸಿದ ಮೇಲೆ ಕಲ್ಸೋಮಳ ಬಲಹೆಗಲು ನಿಜವಾಗಿಯೇ ನೋಯತೊಡಗಿತು. ಮೆಟ್ಟಿಲ ಬುಡದಲ್ಲಿ ಪೊರಕೆ ಹಿಡಿದು ನಿಂತವಳು ತೋಳನ್ನು ಎರಡು ಸಲ ತಿರುಗಿಸಿ ನೋಡಿದಳು. ಸೆತಿ ಬಂದದ್ದು ಇದು ಮೂರನೇ ಸಲ. ಅವಳ ಸೊಸೆ ಹೆತ್ತು ಆರು ದಿನವಾಗಿತ್ತು. ನಲವತ್ತನಾಲ್ಕು ದಿನದ ಬಾಣಂತನದಲ್ಲಿ ಆರು ದಿನ ಆಗಲೇ ಕಲ್ಲಿನ ಶಾಖವಿಲ್ಲದೆ ಕಳೆದುಹೋಗಿತ್ತು. 'ನೀನು ಮುಟ್ಟದೆ ನಮ್ಮನೇಲಿ ಯಾವ ಬಾಣಂತಿ ಎದ್ದಿದ್ದಾಳೆ ಹೇಳಕ್ಕ? ಹುಡುಗಿ ಮೈಯೆಲ್ಲ ಗಾಳಿ ತುಂಬಿದೆ ಅಂತಾಳೆ, ಹೊಟ್ಟೆ ಹಾಗೇ ನಿಂತಿದೆ' ಎಂದು ಸೆತಿ ಗೋಗರೆದಿದ್ದಳು. ಹೋಗುವಾಗ ಮುಖ ಸಣ್ಣದು ಮಾಡಿಕೊಂಡು ಹೋದಳು. ಆ ಮುಖವನ್ನು ನೆನೆಯುತ್ತ, ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಿದ್ದಾಗ ಮೇಲಿನ ಜಗಲಿಯಿಂದ ಗಂಡ ದೆರಾಮನ್‌ನ ದನಿ ಬಂತು. 'ಯಾವ ಹೆಗಲೇ ಅದು?' 'ಬಲಗಡೇದು.' 'ನಿನ್ನೆ ಎಡಗಡೇದು ಅಂದಿದ್ದೆ.' ಕಲ್ಸೋಮ್ ಪೊರಕೆಯನ್ನು ಮೆಟ್ಟಿಲಿಗೆ ಕುಟ್ಟಿ ದೂಳು ಉದುರಿಸಿದಳು. ಗಂಡ ಆಸ್ಪತ್ರೆಯಿಂದ ಮನೆಗೆ ಬಂದು ಇಪ್ಪತ್ತು ದಿನ. ಮಾಡಲು ಕೆಲಸವಿಲ್ಲದ ಮನುಷ್ಯನಿಗೆ ಕಿವಿ ಮಾತ್ರ ಎರಡಿದ್ದದ್ದು ನಾಲ್ಕಾಗಿತ್ತು.

ಕಲ್ಲು ಈಗ ನೀರಿನ ಗುಡಾಣದ ಹಿಂದೆ ಬಿದ್ದಿತ್ತು. ಹೊರಗಿಂದ ಬಂದವರು ಕಾಲು ತೊಳೆದು ಮೆಟ್ಟಿಲು ಹತ್ತಲೆಂದು ಇಟ್ಟ ಗುಡಾಣ ಅದು. ಅದರ ಹಿಂದೆ, ಹಾವಸೆ ಕಟ್ಟಿದ ಸಂದಿಯಲ್ಲಿ, ಬೇಕೆಂದೇ ಯಾರಿಗೂ ಕಾಣದ ಹಾಗೆ ಅದನ್ನು ಎಸೆದವಳು ಅವಳೇ. ಒಂದೂವರೆ ಮುಷ್ಟಿ ಗಾತ್ರದ, ತಳ ಚಪ್ಪಟೆಯಾದ ಕರಿಯ ಹೊಳೆಕಲ್ಲು. ಅವಳ ಅಜ್ಜಿಯ ಕೈಯಿಂದ ಅಮ್ಮನ ಕೈಗೆ, ಅಮ್ಮನ ಕೈಯಿಂದ ಅವಳ ಕೈಗೆ ಬಂದದ್ದು. ಒಲೆಯಲ್ಲಿ ಕಾಯಿಸಿ, ಅರಿಶಿನದೆಲೆ ಸುತ್ತಿ, ಅದರ ಮೇಲೆ ಬಟ್ಟೆ ಸುತ್ತಿ ಬಾಣಂತಿಯ ಹೊಟ್ಟೆಯ ಮೇಲೆ ಒತ್ತುತ್ತ ಹೋದರೆ ಸಡಿಲಾದದ್ದೆಲ್ಲ ತನ್ನ ತನ್ನ ಜಾಗಕ್ಕೆ ಸೇರುತ್ತದೆ ಎಂಬುದು ಊರಿನ ನಂಬಿಕೆ. ಕಡಲತೀರದ ಆ ಊರಿನ ಅರ್ಧಕ್ಕರ್ಧ ಹೊಟ್ಟೆಗಳು ಅದರ ಬಿಸಿ ಕಂಡಿದ್ದವು. ಪ್ರತಿ ಸಲವೂ ಅದನ್ನು ಮೊದಲು ತನ್ನ ಎಡ ಮುಂಗೈಯ ಒಳಬದಿಗೆ ತಾಗಿಸಿ ಹತ್ತು ಎಣಿಸುವುದು ಅವಳ ಪದ್ಧತಿ. 'ಮೊದಲು ನನ್ನ ಕೈ, ಆಮೇಲೆ ನಿನ್ನ ಹೊಟ್ಟೆ' ಎಂದು ಹೆದರಿದ ಹುಡುಗಿಯರಿಗೆ ಹೇಳುತ್ತಿದ್ದಳು. ನಲವತ್ತು ವರ್ಷ ಹಾಗೆ ತಾಗಿಸಿ ತಾಗಿಸಿ ಅಲ್ಲಿನ ಚರ್ಮ ಕಂದಿ ನುಣ್ಣಗಾಗಿತ್ತು. ಊರವರ ಹೆಣ್ಣುಮಕ್ಕಳಲ್ಲಿ ಒಬ್ಬಳ ಮೈಮೇಲೂ ಒಂದು ಬೊಬ್ಬೆ ಎದ್ದದ್ದಿಲ್ಲ. ಹೇಳಿಕೊಳ್ಳಲು ಅವಳಿಗೆ ಇದ್ದ ಹೆಮ್ಮೆ ಅದೊಂದೇ.

ಹೋದ ಮಳೆಗಾಲದ ಆ ಸಂಜೆ ಮಾತ್ರ ಅವಳು ಮುಂಗೈಗೆ ತಾಗಿಸಿರಲಿಲ್ಲ. ಎರಡು ಬಾಣಂತಿ ಮನೆ ಮುಗಿಸಿ ಸುಸ್ತಾಗಿ ಬಂದಿದ್ದಳು. ಕಡಲಿನಿಂದ ಗಾಳಿ ಬೀಸುತ್ತಿತ್ತು. ದೆರಾಮನ್ ಚಾಪೆಯ ಮೇಲೆ ಕಾಲು ಚಾಚಿಕೊಂಡು, ಪಾದ ತಣ್ಣಗಾಗಿದೆ ಎಂದ. ಮುಟ್ಟಿ ನೋಡಿದರೆ ಪೇಟೆಯ ಮೀನಿನಷ್ಟು ತಣ್ಣಗಿತ್ತು. ಸಕ್ಕರೆ ಕಾಯಿಲೆ ಅವನಿಗೆ ಹನ್ನೊಂದು ವರ್ಷದ್ದು. ಮಾತ್ರೆಯನ್ನು ಸಿಹಿ ಚಹಾದ ಜೊತೆ ನುಂಗುವ ಜಾತಿಯ ರೋಗಿ. ಈಚೆಗೆ ಆಗಾಗ ಮಾಡುತ್ತಿದ್ದ ಹಾಗೆ ಅವಳು ಕಲ್ಲು ಕಾಯಿಸಿ ಎಡ ಅಂಗಾಲಿನ ಕೆಳಗಿಟ್ಟಳು. ಬಿಸಿ ಸಾಕಾ ಅಂದಳು. ಇನ್ನೂ ಸ್ವಲ್ಪ ಅಂದ. ಮತ್ತೆ ಕಾಯಿಸಿದಳು. 'ಇನ್ನೂ. ಊರ ಬಾಣಂತಿಯರಿಗೆಲ್ಲ ಕೊಟ್ಟು ಉಳಿದದ್ದು ಇಷ್ಟೇನಾ ಬಿಸಿ?' ಅವಳಿಗೆ ನಗು ಬಂತು. ಕಲ್ಲನ್ನು ನೇರ ಬೆಂಕಿಯ ಮೇಲಿಟ್ಟಳು, ಎರಡೆಲೆಯ ಜಾಗದಲ್ಲಿ ಒಂದೇ ಎಲೆ ಸುತ್ತಿದಳು, ಪರರ ಮಕ್ಕಳೇನಲ್ಲವಲ್ಲ, ತನ್ನ ಗಂಡ ತಾನೇ, ಅವನಿಗೆ ಎಂಥ ಅಳತೆ ಎಂದುಕೊಂಡು ಹಾಗೇ ಇಟ್ಟುಬಿಟ್ಟಳು. ಅವನು ಕಣ್ಣು ಮುಚ್ಚಿ 'ಹಾಂ, ಈಗ ಹಿತ' ಅಂದ. ಅವನ ಕಾಲ ಬಳಿ ಕೂತು, ಕಲ್ಲಿನ ಮೇಲೆ ಪಾದವನ್ನು ಒತ್ತಿ ಹಿಡಿದು, ಆ ದಿನ ಕಂಡ ಮನೆಗಳ ಸುದ್ದಿಯನ್ನೆಲ್ಲ ಹೇಳಿದಳು. ಎಲೆ ಸೀದ ವಾಸನೆ ಬಂತು. ಬೆಳಿಗ್ಗೆ ನೋಡಿದರೆ ಅಂಗಾಲಿನ ನಡುವೆ ಕೋಳಿಮೊಟ್ಟೆಯಷ್ಟು ಬೊಬ್ಬೆ.

ಅದನ್ನು ಯಾರಿಗೂ ತೋರಿಸದೆ ಮೂರು ವಾರ ಅವಳೇ ಔಷಧಿ ಮಾಡಿದಳು. ಕೊಬ್ಬರಿ ಎಣ್ಣೆ, ಅರಿಶಿನ, ಏನೇನೋ ಸೊಪ್ಪು. ಹೇಗಾಯ್ತು ಎಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಗಾಯ ಒಳಗೊಳಗೇ ತಿನ್ನುತ್ತಿತ್ತು. ಒಂದು ದಿನ ಮಗಳು ಹಸ್ಮಾ ಪಟ್ಟಣದಿಂದ ಬಂದವಳು ಮೂಗು ಮುಚ್ಚಿಕೊಂಡು, 'ಅಮ್ಮಾ, ಇದೇನಿದು ವಾಸನೆ?' ಎಂದು ಕೇಳಿ, ಅಪ್ಪನ ಲುಂಗಿ ಎತ್ತಿ ನೋಡಿ, ಕಾರಿನ ಬಾಗಿಲು ತೆಗೆದಳು. ಹೆಬ್ಬೆರಳು ಅಷ್ಟರಲ್ಲಿ ಕಪ್ಪಾಗಿತ್ತು. ಆಸ್ಪತ್ರೆಯಲ್ಲಿ ಮಗಳ ವಯಸ್ಸಿನ ಡಾಕ್ಟರಮ್ಮ ಬರೆದುಕೊಳ್ಳುತ್ತ, ಇದು ಸುಟ್ಟ ಗಾಯ, ಹೇಗಾಯ್ತು ಎಂದು ಕೇಳಿದಳು. ದೆರಾಮನ್ ತಡಮಾಡದೆ, 'ಬೈಕಿನ ಹೊಗೆ ಪೈಪು. ಚಪ್ಪಲಿ ಇಲ್ಲದೆ ಓಡಿಸ್ತಿದ್ದೆ, ಕಾಲು ಅದರ ಮೇಲೆ ಇಟ್ಟುಕೊಂಡಿದ್ದು ಗೊತ್ತೇ ಆಗ್ಲಿಲ್ಲ' ಅಂದ. ಡಾಕ್ಟರಮ್ಮ ಬೈದಳು. ಈ ವಯಸ್ಸಲ್ಲಿ, ಈ ಕಾಯಿಲೇಲಿ, ಬರಿಗಾಲಲ್ಲಿ ಬೈಕು. ಸ್ವಂತ ಕಾಲಿನ ಮೇಲೆ ಇಷ್ಟಾದರೂ ಪ್ರೀತಿ ಬೇಡವಾ. ಅರವತ್ತೆಂಟು ವರ್ಷದ ಗಂಡಸು ಶಾಲೆಯ ಹುಡುಗನ ಹಾಗೆ ತಲೆ ತಗ್ಗಿಸಿ ಕೇಳಿಸಿಕೊಂಡ. ಪಕ್ಕದಲ್ಲಿ ಕೂತ ಕಲ್ಸೋಮ್ ತನ್ನ ಮುಂಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅವನು ನಿಜವಾಗಿಯೂ ಪೈಪು ಎಂದೇ ತಿಳಿದಿದ್ದಾನೋ, ಅಥವಾ ತನ್ನನ್ನು ಉಳಿಸಿದನೋ? ಅವತ್ತು ಹೊಕ್ಕ ಪ್ರಶ್ನೆ ಇವತ್ತಿನವರೆಗೂ ಅವಳನ್ನು ಬಿಟ್ಟಿರಲಿಲ್ಲ. ಮೊದಲು ಬೆರಳು ತೆಗೆದರು. ಎಂಟು ದಿನ ಬಿಟ್ಟು ಮೊಣಕಾಲಿನ ಕೆಳಗಿಂದ ಇಡೀ ಕಾಲು.

ತೆಗೆದ ಕಾಲನ್ನು ಆಸ್ಪತ್ರೆಯವರು ಪೊಟ್ಟಣ ಕಟ್ಟಿ ಮನೆಯವರ ಕೈಗೆ ಕೊಡುತ್ತಾರೆ, ಮಣ್ಣು ಮಾಡುವುದು ಮನೆಯವರ ಕೆಲಸ. ಹಿಂದಿನ ದಿನವೇ ದೆರಾಮನ್ ಅದರ ವ್ಯವಸ್ಥೆ ಹೇಳಿದ್ದ: 'ಸ್ಮಶಾನದಲ್ಲಿ ನಮ್ಮಪ್ಪನ ಪಕ್ಕ ಖಾಲಿ ಇದೆಯಲ್ಲ, ಅಲ್ಲೇ ಇಡಿ. ಬಸ್ಸಲ್ಲಿ ಟವೆಲ್ ಹಾಕಿ ಸೀಟು ಹಿಡಿಯಲ್ವಾ, ಹಾಗೆ. ನಾನು ನಿಧಾನಕ್ಕೆ ಹತ್ತುತೀನಿ.' ಹಸ್ಮಾ ಕಾರು ಓಡಿಸಿದಳು. ಕಲ್ಸೋಮ್ ಹಿಂದಿನ ಸೀಟಿನಲ್ಲಿ ಪೊಟ್ಟಣವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಬೇಡ ಬೇಡವೆಂದರೂ ಅವಳ ಕೈ ತೂಕ ಅಂದಾಜು ಮಾಡಿತು. ಹುಟ್ಟಿದ ಕೂಸುಗಳನ್ನು ಎತ್ತಿ ಎತ್ತಿ ಪಳಗಿದ ಕೈ: ಮೂರೂಕಾಲು ಕೆಜಿ, ತುಂಬಿದ ಮಗು. ತೂಗುವುದನ್ನು ನಿಲ್ಲಿಸು ಎಂದು ತನ್ನ ಕೈಗೆ ತಾನೇ ಹೇಳಿದಳು, ಆದರೂ ದಾರಿಯುದ್ದಕ್ಕೂ, ಗುಂಡಿ ಬಂದಾಗಲೆಲ್ಲ, ಅಲುಗದ ಹಾಗೆ ಅದನ್ನು ಎದೆಗೊತ್ತಿಕೊಂಡಳು. ಮನೆಯಲ್ಲಿ ಮೈತೊಳೆಸುವ ವಿಧಿಯೂ ಬೇಡ, ಪ್ರಾರ್ಥನೆಯೂ ಬೇಡ, ಬಿಳಿ ಬಟ್ಟೆ ಸುತ್ತಿ ಕೊಟ್ಟರೆ ಸಾಕು ಎಂದು ಮಸೀದಿಯ ಗೋರಿ ತೋಡುವ ಲೇಹ್ ಬಾಗಿಲ ಹೊರಗೇ ನಿಂತು ಹೇಳಿದ್ದ. ಅವಳು ಬಾಗಿಲು ಹಾಕಿಕೊಂಡಳು. ಅಂಗಾಲಿನ ನಡುವೆ ತನ್ನ ಕಲ್ಲಿನ ತಳ ಅಚ್ಚಾಗಿ ಕೂತಿತ್ತು, ಒಂದು ಮೂಲೆ ಮುಕ್ಕಾದದ್ದೂ ಸೇರಿ. ಜೀವಮಾನವೆಲ್ಲ ಬೈಕು ಓಡಿಸಿದ ಲೇಹ್ ಅದನ್ನು ಕಂಡರೆ ಇದು ಪೈಪು ಸುಟ್ಟ ಗುರುತಲ್ಲ ಎಂದು ಯಾರೂ ಹೇಳಬೇಕಿರಲಿಲ್ಲ. ಒಂದು ಸುತ್ತು ಸಾಕಿದ್ದ ಬಟ್ಟೆಯನ್ನು ಐದು ಸುತ್ತು ಸುತ್ತಿದಳು. ಗಂಡನ ಕಾಲನ್ನು ಹೂಳುವ ದಿನವೂ ತಾನು ತನ್ನ ತಪ್ಪನ್ನೇ ಹೂಳುತ್ತಿದ್ದೆ ಎಂಬುದು ನೆನಪಾದಾಗಲೆಲ್ಲ ಅವಳಿಗೆ ತನ್ನ ಮೇಲೇ ಅಸಹ್ಯವಾಗುತ್ತಿತ್ತು.

'ಅಕ್ಕಾ, ಅಣ್ಣನ ಬೈಕ್ ತಗೊಂಡ್ಹೋಗ್ಲಾ? ಅವಾಂಗ್‌ನೂ ಕರ್ಕೊಂಡ್ಹೋಗ್ತೀನಿ, ನಮ್ಮ ಮರದಲ್ಲಿ ಕಾಯಿ ಒಣಗ್ತಿದೆ.' ಅವಳು ಬೆಚ್ಚಿ ನೋಡಿದರೆ ಅದೇ ಲೇಹ್ ಅಂಗಳದಲ್ಲಿ ನಿಂತಿದ್ದ. ಅವಾಂಗ್ ದೆರಾಮನ್ ಸಾಕಿದ ಕೋತಿ. ತೆಂಗಿನಕಾಯಿ ಕೀಳಲು ಪಳಗಿಸಿದ್ದು. ಹದಿನೈದು ವರ್ಷ ಅವನು ಬೈಕಿನ ಮುಂದೆ, ಅದು ಹಿಂದೆ ಕೂತು ಊರೂರು ತಿರುಗಿ ಕಾಯಿ ಇಳಿಸಿದ್ದರು. ಮಾಲೀಕ ಗಾಲಿಕುರ್ಚಿಯಲ್ಲಿ ಮನೆಗೆ ಬಂದ ದಿನ ಅದು ಹಗ್ಗ ಜಗ್ಗಿಕೊಂಡು ಬಂದು, ಅವನ ಲುಂಗಿಯ ಅಂಚು ಎತ್ತಿ, ಇನ್ನೊಂದು ಕಾಲನ್ನು ಹುಡುಕಿತ್ತು. ಕುರ್ಚಿಯ ಕೆಳಗೂ ಹುಡುಕಿತ್ತು. ಎಲ್ಲರೂ ಮುಖ ತಿರುಗಿಸಿದರು. ದೆರಾಮನ್ ಮಾತ್ರ ಅದರ ತಲೆ ಸವರಿ, 'ಹುಡುಕು ಮಗನೇ, ಸಿಕ್ಕಿದ್ರೆ ನನಗೂ ಹೇಳು' ಅಂದಿದ್ದ. ಈಗ ಅದು ಲೇಹ್‌ನ ಹಿಂದೆ ಹತ್ತಿ ಕೂತು ಅವನ ಅಂಗಿ ಹಿಡಿದುಕೊಂಡಿತು. ಲೇಹ್ ಬೈಕಿಗೆ ಒದ್ದ. ಅದು ಎರಡು ಸಲ ಕೆಮ್ಮಿ ಹೊಗೆ ಬಿಟ್ಟಿತು, ಹೊಗೆ ಕಲ್ಸೋಮಳ ಮುಖಕ್ಕೆ ಬಂತು, ಅವಳು ಪಕ್ಕಕ್ಕೆ ಸರಿದು ಹೊಗೆ ಬಂದ ಕಡೆ ನೋಡಿದಳು. ಪೈಪು ಬಲಗಡೆ ಇತ್ತು.

ಬೈಕು ತಿರುವು ದಾಟಿ ಹೋದ ಮೇಲೂ ಅವಳು ಪೊರಕೆ ಹಿಡಿದು ಅಲ್ಲೇ ನಿಂತಿದ್ದಳು. ಬಲಗಡೆ. ಅದೊಂದೇ ಪೈಪು. ಎಡಗಡೆ ಏನೂ ಇರಲಿಲ್ಲ. ಹೋದದ್ದು ಎಡಗಾಲು. ಬೈಕು ಓಡಿಸಿ ಸವೆಸಿದ ಮನುಷ್ಯನಿಗೆ ಪೈಪು ಯಾವ ಕಡೆ ಎಂದು ಮರೆಯುವುದುಂಟೇ? ಹಾಗಾದರೆ ಗೊತ್ತಿತ್ತು. ಡಾಕ್ಟರಮ್ಮನ ಮುಂದೆ ತಲೆ ತಗ್ಗಿಸಿ ಬೈಸಿಕೊಂಡಾಗ ಗೊತ್ತಿತ್ತು, ಬೆರಳು ತೆಗೆದಾಗ ಗೊತ್ತಿತ್ತು, ಮಂಪರು ಇಳಿದ ಮೇಲೆ ಹೊದಿಕೆಯ ಮೇಲೆ ಕೈಯಾಡಿಸಿ ಕಾಲು ಮುಗಿಯುವ ಜಾಗ ಹುಡುಕಿ, 'ಊಟ ಮಾಡಿದ್ಯಾ?' ಎಂದು ತನ್ನನ್ನು ಕೇಳಿದನಲ್ಲ, ಆಗಲೂ ಗೊತ್ತಿತ್ತು. ಅವಳಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಅವನು ತಿಳಿಯದೆ ಹೇಳಿದ್ದರೆ ತಾನೊಬ್ಬಳೇ ಕಳ್ಳಿ. ತಿಳಿದೇ ಹೇಳಿದ್ದಾನೆ ಅಂದರೆ ಇಷ್ಟು ದಿನ ಪ್ರತಿ ತುತ್ತಿನಲ್ಲೂ, ಪ್ರತಿ ಸಲ ಗಾಯದ ಬಟ್ಟೆ ಬದಲಿಸುವಾಗಲೂ ಅವನು ತನ್ನನ್ನು ನೋಡುತ್ತಿದ್ದ, ಇವಳು ಯಾವಾಗ ಬಾಯಿ ಬಿಡುತ್ತಾಳೆ ಎಂದು. ಅವಳ ಕೆನ್ನೆ ಬಿಸಿಯಾಯಿತು. ಕೋತಿಯ ನೆಪದಿಂದ ಇನ್ನೊಂದು ದಿನ ನೆನಪಾಯಿತು: ಎರಡು ವರ್ಷದ ಹಿಂದೆ ದೆರಾಮನ್ ಪೇಟೆಯ ನಡುವೆ ಬೈಕಿನಲ್ಲಿ ಬಂದಿದ್ದ, ಎಡಗಾಲಲ್ಲಿ ಚಪ್ಪಲಿ ಇರಲಿಲ್ಲ, ಬಿದ್ದದ್ದು ಅವನಿಗೆ ಗೊತ್ತೇ ಇರಲಿಲ್ಲ, ಹಿಂದೆ ಕೂತ ಅವಾಂಗ್ ಆ ಚಪ್ಪಲಿಯನ್ನು ಎತ್ತಿಕೊಂಡು ತಲೆಯ ಮೇಲೆ ಇಟ್ಟುಕೊಂಡಿತ್ತು. ಬೀದಿಯೆಲ್ಲ ನಕ್ಕಿತು. ಚಹಾದಂಗಡಿಯ ಮುಂದೆ ನಿಂತಿದ್ದ ಕಲ್ಸೋಮ್ ಎಲ್ಲರಿಗಿಂತ ಜೋರಾಗಿ, 'ಒಳ್ಳೇ ಜೋಡಿ! ಚಪ್ಪಲಿ ಕಾಯೋಕೆ ಒಬ್ಬ, ಕಳೆಯೋಕೆ ಒಬ್ಬ' ಅಂದಿದ್ದಳು. ಅವನೂ ನಕ್ಕ. ಮಾರನೆಯ ದಿನದಿಂದ ಚಪ್ಪಲಿಗೆ ರಬ್ಬರು ಹಾಕಿ ಪಾದಕ್ಕೆ ಬಿಗಿದುಕೊಳ್ಳತೊಡಗಿದ. ಯಾಕೆಂದು ಅವಳು ಕೇಳಿರಲಿಲ್ಲ.

ಮಧ್ಯಾಹ್ನದ ನಮಾಜು ಮುಗಿಸಿ, ಅನ್ನ, ಮೀನುಸಾರು ಉಂಡು ದೆರಾಮನ್ ಹಾಸಿಗೆಯ ಮೇಲೆ ಒರಗಿದ್ದ. ಅವಳು ತಟ್ಟೆ ತೊಳೆದು ಬಂದಾಗ ಅವನ ಹಣೆಯಲ್ಲಿ ಬೆವರಿತ್ತು, ತುಟಿ ಕಚ್ಚಿಕೊಂಡಿದ್ದ. 'ಸೋಮ್, ಕಾಲು ತಣ್ಣಗಾಗ್ತಿದೆ.' ಅವಳು ಹೊದಿಕೆಯನ್ನು ಬಲಗಾಲಿನ ಮೇಲೆ ಎಳೆದಳು. 'ಅದಲ್ಲ. ಇನ್ನೊಂದು.' ಹೀಗಾಗುತ್ತದೆ, ಇಲ್ಲದ ಕಾಲು ತಿಂಗಳುಗಟ್ಟಲೆ ನೋಯುತ್ತದೆ ಎಂದು ನರ್ಸು ಹೇಳಿ ಕಳಿಸಿದ್ದಳು. 'ಐದೂ ಬೆರಳನ್ನ ಐಸ್ ಪೆಟ್ಟಿಗೇಲಿ ಇಟ್ಟ ಹಾಗಿದೆ ಕಣೇ. ಹೋಗು, ನಿನ್ನ ಕಲ್ಲು ಕಾಯಿಸ್ಕೊಂಡು ಬಾ.'

ಅವಳು ನಿಂತಲ್ಲೇ ನಿಂತಳು. 'ಆ ಕಲ್ಲು ನಾನು ಮುಟ್ಟಲ್ಲ.'

'ಹೆಗಲು ನೋವಾ?' ಎಂದು ಅವನು ನೋವಿನ ನಡುವೆಯೂ ಚುಚ್ಚಿದ.

'ಪೈಪು ಬಲಗಡೆ ಇದೆ' ಅಂದಳು ಕಲ್ಸೋಮ್.

ದೆರಾಮನ್ ಅವಳನ್ನು ನೋಡಿದ. ಆಮೇಲೆ ಮೆಲ್ಲಗೆ ನಕ್ಕ. 'ಇಪ್ಪತ್ತು ವರ್ಷ ಅದೇ ಬೈಕಲ್ಲಿ ನನ್ನ ಹಿಂದೆ ಕೂತು ಬಂದವಳು. ಇವತ್ತು ಕಾಣ್ತಾ?'

'ನಾನೇ ಸುಟ್ಟೆ, ಅಬೆ.' ಮದುವೆಯಾದ ಹೊಸದರಲ್ಲಿ ಕರೆಯುತ್ತಿದ್ದ ಹಾಗೆ, ಅಣ್ಣ ಎಂಬರ್ಥದ ಊರಿನ ಆ ಮಾತಿನಲ್ಲಿ ಕರೆದಳು. ಮಗಳು ಹುಟ್ಟಿದ ಮೇಲೆ ಅದನ್ನು ಬಿಟ್ಟೇಬಿಟ್ಟಿದ್ದಳು. 'ಊರವರ ಮಕ್ಕಳಿಗೆಲ್ಲ ಕೈಯಲ್ಲಿ ನೋಡಿ ಇಡ್ತಿದ್ದೆ. ನಿಮಗೆ ನೋಡ್ಲಿಲ್ಲ. ನಿಮಗೆ ಏನು ನೋಡೋದು ಅಂದ್ಕೊಂಡೆ. ಆಮೇಲೆ ಮುಚ್ಚಿಟ್ಟೆ. ಮೂರು ವಾರ ಮುಚ್ಚಿಟ್ಟು ಕಾಲನ್ನ ಕೊಳೆಸಿದೆ. ನಿಮ್ಮ ಕಾಲು ತಿಂದವಳು ನಾನು.'

'ಗೊತ್ತು.'

'ಯಾವಾಗಿಂದ?'

'ಅವಾಗ್ಲೇ. ಸೀದ ವಾಸನೆ ಬಂತಲ್ಲ. ಬರೀ ಎಲೇದಲ್ಲ ಅಂತ ಮೂಗಿಗೆ ಗೊತ್ತಾಯ್ತು. ಕಾಲಿಗೆ ಗೊತ್ತಾಗ್ಲಿಲ್ಲ.'

'ಹಿತ ಅಂದ್ರಿ! ಇನ್ನೂ ಇನ್ನೂ ಅಂದ್ರಿ!'

ಅವನು ಮಾಡಿನ ಕಡೆ ನೋಡುತ್ತಲೇ ಹೇಳಿದ. 'ಚಪ್ಪಲಿ ಬಿತ್ತಲ್ಲ, ಅದಕ್ಕಿಂತ ಮುಂಚೇನೇ ಹೋಗಿತ್ತು ಕಣೇ ಆ ಕಾಲು. ಮುಳ್ಳು ಚುಚ್ಚಿದ್ರೂ ಇಲ್ಲ, ಬಿಸಿಲಲ್ಲಿ ನಿಂತ್ರೂ ಇಲ್ಲ. ನೀನು ಬೀದೀಲಿ ನಿಂತು ನಕ್ಕೆ. ಹೆಂಡತಿ ಹತ್ರ ಹೇಗೆ ಹೇಳೋದು, ಮರಗಾಲಾಗಿದೆ ಅಂತ? ಆಮೇಲೆ ನೀನು ಕಲ್ಲಿಡೋಕೆ ಶುರು ಮಾಡಿದೆ. ಬಿಸಿ ಇದೆಯೋ ತಣ್ಣಗಿದೆಯೋ ನಂಗೇನು ಗೊತ್ತು? ಆದ್ರೆ ನೀನು ಕಾಲ ಹತ್ರ ಕೂತು ಮಾತಾಡ್ತಿದ್ದೆ. ಊರನ್ನೆಲ್ಲ ಮುಟ್ಟಿ ಬರೋ ಕೈ, ನನ್ನ ಪಾಲಿಗೆ ಸಿಗ್ತಿದ್ದದ್ದು ಆ ಒಂದು ಹೊತ್ತು. ಸಾಕು ಅಂದ್ರೆ ಎದ್ದು ಹೋಗ್ತಿದ್ದೆ. ಇನ್ನೂ ಸ್ವಲ್ಪ ಅಂದ್ರೆ ಇನ್ನೂ ಸ್ವಲ್ಪ ಹೊತ್ತು ಕೂರ್ತಿದ್ದೆ.'

ಅವಳಿಗೆ ಸಿಟ್ಟು ಬಂತು. ಇಷ್ಟು ದಿನದಲ್ಲಿ ಮೊದಲ ಸಲ ಅವನ ಮೇಲೆ ಬಂದ ಸಿಟ್ಟು, ಅದು ಬಂದದ್ದೇ ಅವಳಿಗೆ ಉಸಿರು ಸರಾಗವಾಯಿತು. 'ಒಂದು ಮಾತು ಹೇಳಿದ್ರೆ ಕಾಲು ಉಳೀತಿತ್ತು' ಎಂದು ಅವನ ತೋಳಿಗೆ ಹೊಡೆದಳು. 'ಹೌದು' ಅಂದ. ಮತ್ತೆ ಹೊಡೆದಳು. 'ನೀನು ಮುಂಗೈಗೆ ತಾಗಿಸಿದ್ರೂ ಉಳೀತಿತ್ತು. ಇಬ್ರೂ ಸೇರಿ ಒಂದು ಕಾಲು ಕಳೆದ್ವಿ, ಬಿಡು' ಅಂದ. ಅವಳು ಅವನ ತೋಳಿಗೆ ಹಣೆ ಒತ್ತಿ ಅತ್ತಳು. ಅವನು ಅವಳ ಎಡ ಮುಂಗೈಯನ್ನು ಎತ್ತಿಕೊಂಡು, ಕಂದಿದ ಆ ನುಣ್ಣನೆಯ ಜಾಗವನ್ನು ಹೆಬ್ಬೆರಳಿನಿಂದ ಸವರುತ್ತಿದ್ದ. ಸವರುತ್ತಿದ್ದವನು ಹಠಾತ್ತನೆ ಹಲ್ಲು ಕಚ್ಚಿದ. ತಣುಪು ಮತ್ತೆ ಬಂದಿತ್ತು.

ಕಲ್ಸೋಮ್ ಕೆಳಗಿಳಿದು ಗುಡಾಣದ ಹಿಂದೆ ಕೈ ಹಾಕಿ ಕಲ್ಲು ತೆಗೆದಳು. ಹಾವಸೆ ಉಜ್ಜಿ ತೊಳೆದಳು. ಒಲೆಯ ಮೇಲೆ ಅದು ಕಾಯುವಷ್ಟು ಹೊತ್ತು ಪಕ್ಕದಲ್ಲೇ ನಿಂತಿದ್ದು, ಹಿತ್ತಲಿನ ಅರಿಶಿನದೆಲೆ ಎರಡು ಸುತ್ತಿ, ಮೇಲೆ ಬಟ್ಟೆ ಸುತ್ತಿ, ಮುಂಗೈಗೆ ತಾಗಿಸಿ ಹತ್ತರವರೆಗೆ ಎಣಿಸಿದಳು. ಕೋಣೆಗೆ ಬಂದು ಹಾಸಿಗೆಯ ಬುಡದಲ್ಲಿ ಕೂತು ಹೊದಿಕೆ ಸರಿಸಿದಳು. ಬಟ್ಟೆ ಸುತ್ತಿದ ಮೋಟು ಕಾಲು, ಅದರಾಚೆ ಬರೀ ಹಾಸಿಗೆ.

'ಎಲ್ಲಿಡ್ಲಿ?'

'ಇನ್ನೂ ಕೆಳಗೆ. ಹಾಂ. ಸ್ವಲ್ಪ ಎಡಕ್ಕೆ. ಅಲ್ಲೇ ಅಂಗಾಲು.'

ಅವಳು ಅಲ್ಲಿ ಕಲ್ಲಿಟ್ಟು ಕೈಯನ್ನು ಅದರ ಮೇಲೇ ಇಟ್ಟುಕೊಂಡಳು. ಏನು ಮಾತಾಡುವುದೆಂದು ತಿಳಿಯದೆ ಸೆತಿಯ ಸುದ್ದಿ ತೆಗೆದಳು. ಹುಡುಗಿಯ ಹೊಟ್ಟೆ ಇಳಿದಿಲ್ಲವಂತೆ, ಕೂಸು ಹಗಲು ಮಲಗುತ್ತದಂತೆ, ರಾತ್ರಿ ಇಡೀ ಮನೆಯನ್ನು ಎಬ್ಬಿಸುತ್ತದಂತೆ. ನಾಳೆ ಬೆಳಿಗ್ಗೆ ಒಂದು ಗಳಿಗೆ ಹೋಗಿ ಬರುತ್ತೇನೆ ಅಂದಳು. ಹೋಗಿ ಬಾ ಅಂದ. ಅವನ ಹಣೆಯ ಗಂಟು ಒಂದೊಂದಾಗಿ ಬಿಚ್ಚಿತು. ಅವಳು ಮಾತು ಮುಂದುವರಿಸಿದಳು. ಲೇಹ್ ಇನ್ನೂ ಬಂದಿರಲಿಲ್ಲ, ಹೊರಗೆ ಬಿಸಿಲು ಸುಮ್ಮನೆ ಬಿದ್ದಿತ್ತು.

'ತಡಿ' ಅಂದ ದೆರಾಮನ್ ಇದ್ದಕ್ಕಿದ್ದಂತೆ. 'ತೆಗಿ ತೆಗಿ. ಸುಡ್ತಿದೆ ಕಣೇ.'

ಯೋಚಿಸುವ ಮೊದಲೇ ಅವಳ ಕೈ ಕಲ್ಲನ್ನು ಎತ್ತಿ ದೂರ ಹಿಡಿದಿತ್ತು. ಕಲ್ಲನ್ನು ನೆಲಕ್ಕಿಟ್ಟು ಅವಳು ಬಗ್ಗಿದಳು. ಬೆಚ್ಚಗಾಗಿದ್ದ ಆ ಖಾಲಿ ಹಾಸಿಗೆಗೆ ಮುಖ ತಂದು, ಅಂಗಾಲು ಇರಬೇಕಾದ ಜಾಗದ ಮೇಲೆ, ಮಕ್ಕಳ ಗಾಯಕ್ಕೆ ಊದುವ ಹಾಗೆ ಮೆಲ್ಲಗೆ ಊದಿದಳು.

'ಹಾಂ' ಎಂದು ಅವನು ಕಣ್ಣು ಮುಚ್ಚಿದ. 'ಇನ್ನೂ ಸ್ವಲ್ಪ.'